ಹಡಗು ಹತ್ತಿ ಬಂದ ಸನ್ನೆ ಭಾಷೆ: ಕಿವುಡ ಮೇಷ್ಟ್ರು ಲೋರಾಂ ಕ್ಲೇರ್

ಲಂಡನ್ನಿನ ಕಿವುಡರೊಬ್ಬರನ್ನೂ ನ್ಯೂಯಾರ್ಕಿನ ಕಿವುಡರೊಬ್ಬರನ್ನೂ ಎದುರುಬದುರು ಕೂರಿಸಿ. ಇಬ್ಬರ ಊರಲ್ಲೂ ಇಂಗ್ಲಿಷೇ. ಇಬ್ಬರೂ ಓದುವುದು ಇಂಗ್ಲಿಷ್ ಪೇಪರನ್ನೇ. ಆದರೆ ಕೈಸನ್ನೆಯಲ್ಲಿ ಮಾತಿಗಿಳಿದರೆ ಒಬ್ಬರದ್ದು ಇನ್ನೊಬ್ಬರಿಗೆ ಹೆಚ್ಚೂಕಮ್ಮಿ ಅರ್ಥವೇ ಆಗುವುದಿಲ್ಲ. ಬೆರಳಲ್ಲಿ ಎ ಬಿ ಸಿ ತೋರಿಸುವ ಕ್ರಮವೂ ಬೇರೆ. ಲಂಡನ್ನಿನವರು ಎರಡೂ ಕೈ ಬಳಸುತ್ತಾರೆ, ನ್ಯೂಯಾರ್ಕಿನವರಿಗೆ ಒಂದೇ ಕೈ ಸಾಕು. ಈಗ ನ್ಯೂಯಾರ್ಕಿನವರ ಎದುರು ಪ್ಯಾರಿಸ್ಸಿನ ಕಿವುಡರೊಬ್ಬರನ್ನು ಕೂರಿಸಿ ನೋಡಿ. ಅಷ್ಟಿಷ್ಟು ತಡವರಿಸಿದರೂ ಇಬ್ಬರ ಮಾತು ಬೇಗ ಕುದುರುತ್ತದೆ.

ಸನ್ನೆ ಭಾಷೆ ಜಗತ್ತಿಗೆಲ್ಲ ಒಂದೇ ಅಂತ ಕೆಲವರು ಅಂದುಕೊಂಡಿರುತ್ತಾರೆ. ಆಯಾ ಊರಿನ ಮಾತನ್ನೇ ಕೈಯಲ್ಲಿ ತೋರಿಸುತ್ತಾರೆ ಅಂತ ಇನ್ನು ಕೆಲವರು. ಎರಡೂ ಸರಿಯಲ್ಲ. ಕಿವುಡರು ಎಲ್ಲಿ ಒಟ್ಟಿಗೆ ಸೇರುತ್ತಾರೋ ಅಲ್ಲಿ ಸನ್ನೆ ಭಾಷೆ ಬೆಳೆಯುತ್ತದೆ. ಅವರು ಎಲ್ಲಿಗೆ ಹೋದರೆ ಅಲ್ಲಿಗೆ ಅದೂ ಹೋಗುತ್ತದೆ. ಅಮೆರಿಕಕ್ಕೆ ಅದು ಹೋದದ್ದು ಪ್ಯಾರಿಸ್ಸಿನಿಂದ. 1816ರ ಜೂನ್ ತಿಂಗಳಲ್ಲಿ ಫ್ರಾನ್ಸಿನ ಲ ಆವ್ರ್ ಬಂದರಿನಲ್ಲಿ ಹಡಗು ಹತ್ತಿದ 30 ವರ್ಷದ ಮೇಷ್ಟ್ರೊಬ್ಬರು ಅದನ್ನು ತಮ್ಮ ಜೊತೆ ಒಯ್ದರು. ಅವರ ಹೆಸರು ಲೋರಾಂ ಕ್ಲೇರ್. ಅವರೂ ಕಿವುಡರೇ.

ಅಮೆರಿಕದ ಕಿವುಡ ಮಕ್ಕಳ ಶಿಕ್ಷಣ ಅಂದರೆ ಎಲ್ಲರ ಬಾಯಲ್ಲಿ ಮೊದಲು ಬರುವುದು ಥಾಮಸ್ ಹಾಪ್ಕಿನ್ಸ್ ಗ್ಯಾಲಡೆಟ್ ಹೆಸರು. ವಾಷಿಂಗ್ಟನ್ನಿನಲ್ಲಿರುವ ಕಿವುಡರ ಪ್ರಸಿದ್ಧ ವಿಶ್ವವಿದ್ಯಾಲಯಕ್ಕೂ ಅವರದೇ ಹೆಸರು. ಗ್ಯಾಲಡೆಟ್ ದೊಡ್ಡ ಮನುಷ್ಯರೇ, ಅದರಲ್ಲಿ ಅನುಮಾನವಿಲ್ಲ. ಆದರೆ ಕಿವಿ ಕೇಳುತ್ತಿದ್ದ ಆ ಗ್ಯಾಲಡೆಟ್‌ಗೆ ಸನ್ನೆ ಕಲಿಸಿದವರು ಕ್ಲೇರ್. ಒಂದೇ ಶಾಲೆಯಲ್ಲಿ 41 ವರ್ಷ ಪಾಠ ಮಾಡಿದವರೂ ಕ್ಲೇರ್. ಲೆಕ್ಕ ಸರಿಯಾಗಿ ಹಾಕಿದರೆ ಅವರ ಹೆಸರು ಮೊದಲು ಬರಬೇಕು ಅನ್ನುವುದು ನನ್ನ ಅಭಿಪ್ರಾಯ.

ತೊಂದರೆ ಕಿವಿಯದ್ದೋ, ಭಾಷೆಯದ್ದೋ?

ಕಿವಿ ಕೇಳುವ ಮಗುವಿಗೆ ಯಾರೂ ಕೂತು ಕನ್ನಡ ಕಲಿಸುವುದಿಲ್ಲ. ಅಮ್ಮ ಗೊಣಗುವುದು, ಅಜ್ಜಿ ಬೈಯುವುದು, ತರಕಾರಿಯವನು ಕೂಗುವುದು ಎಲ್ಲ ಸುಮ್ನೆ ಕಿವಿಗೆ ಬೀಳುತ್ತಲೇ ಇರುತ್ತದೆ. ಮೂರು ವರ್ಷಕ್ಕೆಲ್ಲ ಮಗು ಪಟಪಟ ಮಾತಾಡುತ್ತದೆ. ಹುಟ್ಟು ಕಿವುಡ ಮಗುವಿಗೆ ಇದ್ಯಾವುದೂ ಸಿಗುವುದಿಲ್ಲ. ಕಿವುಡ ಮಕ್ಕಳಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ಮಕ್ಕಳು ಹುಟ್ಟುವುದು ಕಿವಿ ಕೇಳುವ ಅಪ್ಪ ಅಮ್ಮನಿಗೆ. ಆ ಮನೆಯಲ್ಲಿ ಸನ್ನೆ ಭಾಷೆ ಬಲ್ಲವರು ಸಾಮಾನ್ಯವಾಗಿ ಯಾರೂ ಇರುವುದಿಲ್ಲ. ಊಟ, ನೀರು, ಬಾ, ಹೋಗು ಅಂತ ಮನೆಮಟ್ಟಿಗೆ ನಾಲ್ಕಾರು ಸನ್ನೆಗಳು ಹುಟ್ಟಿಕೊಳ್ಳುತ್ತವೆ, ಅಷ್ಟೆ. 'ನಾಳೆ ಮಳೆ ಬಂದರೆ ಮಾವನ ಮನೆಗೆ ಹೋಗುವುದು ಬೇಡ' ಅಂತ ಆ ಸನ್ನೆಗಳಲ್ಲಿ ಹೇಳಿ ನೋಡಿ. ಆಗುವುದಿಲ್ಲ. ನಾಳೆಗೂ 'ಬಂದರೆ'ಗೂ ಪೂರ್ತಿ ಭಾಷೆಯೇ ಬೇಕು.

ಇನ್ನೊಂದು ಮಾತಿದೆ. ಭಾಷೆ ಸಲೀಸಾಗಿ ಮೈಗೂಡುವುದು ಬಾಲ್ಯದ ಮೊದಲ ಕೆಲವು ವರ್ಷಗಳಲ್ಲಿ. ಆ ವಯಸ್ಸು ದಾಟಿದ ಮೇಲೆ ಮೊದಲ ಭಾಷೆ ಕಲಿಯುವುದು ತುಂಬಾ ಕಷ್ಟ. ಮಾತು ಬಾಯಿಂದ ಬಂತೋ ಕೈಯಿಂದ ಬಂತೋ ಮಿದುಳಿಗೆ ಅದು ದೊಡ್ಡ ವಿಷಯವಲ್ಲ. ಪೂರ್ತಿ ಭಾಷೆ ಹೊತ್ತಿಗೆ ಸರಿಯಾಗಿ ಸಿಗಬೇಕು. ಸಿಗದಿದ್ದರೆ ಬುದ್ಧಿವಂತ ಮಗುವೂ ದಡ್ಡನ ಹಾಗೆ ಕಾಣುತ್ತದೆ. ಯುರೋಪಿನಲ್ಲಿ ನೂರಾರು ವರ್ಷ ಹಾಗೆಯೇ ಕಂಡಿತು. 16ನೇ ಶತಮಾನದಲ್ಲಿ ಸ್ಪೇನಿನ ಪೆದ್ರೊ ಪೊನ್ಸೆ ದೆ ಲಿಯೊನ್ ಎಂಬ ಸನ್ಯಾಸಿ ಕೆಲವು ಕಿವುಡ ಮಕ್ಕಳಿಗೆ ಓದು, ಬರಹ, ಮಾತು ಕಲಿಸಿ ತೋರಿಸಿದರು. ಆದರೆ ಅವರೆಲ್ಲ ದೊಡ್ಡ ಮನೆತನದ ಮಕ್ಕಳು. ಬಡವರ ಮನೆಗೆ ಅದು ತಲುಪಲಿಲ್ಲ.

ತಲುಪಿಸಿದವರು ಪ್ಯಾರಿಸ್ಸಿನ ಪಾದ್ರಿ ಅಬೇ ದ ಲೆಪೇ. 1760ರ ಸುಮಾರಿಗೆ ಅವರು ಇಬ್ಬರು ಕಿವುಡ ಅಕ್ಕತಂಗಿಯರಿಗೆ ಪಾಠ ಹೇಳಲು ಶುರುಮಾಡಿದರು. ಮುಂದೆ ಅದೇ ಶಾಲೆಯಾಯಿತು. ಬಡವರ ಮಕ್ಕಳಿಗೆ ಬಿಟ್ಟಿ ಪಾಠ. ಕಿವಿಯಿಂದ ಒಳಗೆ ಹೋಗದ್ದನ್ನು ಕಣ್ಣಿಂದ ಕಳಿಸೋಣ ಅನ್ನುವುದು ಅವರ ಯೋಚನೆ. ಪ್ಯಾರಿಸ್ಸಿನ ಕಿವುಡರಿಗೆ ಆಗಲೇ ತಮ್ಮದೇ ಸನ್ನೆಗಳಿದ್ದವು. ಪಿಯೇರ್ ದೆಲೋಜ್ ಎಂಬ ಕಿವುಡ ಬುಕ್ ಬೈಂಡರ್ 1779ರಲ್ಲಿ ಇದನ್ನೇ ಬರೆದು ಅಚ್ಚು ಹಾಕಿಸಿದ್ದಾನೆ. ಲೆಪೇ ಆ ಸನ್ನೆಗಳನ್ನು ತೆಗೆದುಕೊಂಡರು. ತೆಗೆದುಕೊಂಡು ಸುಮ್ಮನಿರಲಿಲ್ಲ. ಫ್ರೆಂಚ್ ವ್ಯಾಕರಣಕ್ಕೆಲ್ಲ ಒಂದೊಂದು ಹೊಸ ಸನ್ನೆ ಕಟ್ಟಿ ಅದಕ್ಕೆ ಅಂಟಿಸಿದರು.

ಇದು ಎಂಥ ಕಸರತ್ತು ಅಂತ ಕನ್ನಡದಲ್ಲಿ ನೋಡಬಹುದು. 'ಹುಡುಗನು ಮರದಿಂದ ಬಿದ್ದನು' ಅನ್ನಬೇಕು. ಲೆಪೇ ಕ್ರಮದಲ್ಲಾದರೆ ಹುಡುಗ ಅನ್ನಲು ಒಂದು ಸನ್ನೆ, 'ನು' ಅನ್ನಲು ಒಂದು, ಮರಕ್ಕೆ ಒಂದು, 'ಇಂದ' ಅನ್ನಲು ಇನ್ನೊಂದು, ಬೀಳುವುದಕ್ಕೆ ಒಂದು, ಅದು ಆಗಿಹೋಯಿತು ಅನ್ನಲು ಮತ್ತೊಂದು. ಕಿವುಡರ ಸ್ವಂತ ಸನ್ನೆಯಲ್ಲಾದರೆ ಒಂದು ಕೈ ಮರವಾಗಿ ನಿಲ್ಲುತ್ತದೆ. ಇನ್ನೊಂದು ಕೈಯ ಎರಡು ಬೆರಳು ಹುಡುಗನ ಕಾಲುಗಳಾಗಿ ಅಲ್ಲಿಂದ ಉರುಳುತ್ತವೆ. ಎಷ್ಟು ಎತ್ತರದಿಂದ ಬಿದ್ದ, ಹೇಗೆ ಬಿದ್ದ, ಪೆಟ್ಟಾಯಿತಾ ಅನ್ನುವುದೂ ಕೈಯ ಓಟದಲ್ಲಿ, ಮುಖದಲ್ಲಿ ಬಂದುಬಿಡುತ್ತದೆ. ಮೊದಲನೆಯದು ಫ್ರೆಂಚ್ ಬರಹದ ನಕಲು, ಎರಡನೆಯದು ಭಾಷೆ. ಈ ವ್ಯತ್ಯಾಸ ಗೊತ್ತಾಗಲು ಮೇಷ್ಟ್ರುಗಳಿಗೆ ಎಷ್ಟೋ ವರ್ಷ ಹಿಡಿಯಿತು.

ಬೆಂಕಿಗೆ ಬಿದ್ದ ಮಗು

ಕ್ಲೇರ್ ಹುಟ್ಟಿದ್ದು 1785ರ ಡಿಸೆಂಬರ್ 26ರಂದು. ಆಗ್ನೇಯ ಫ್ರಾನ್ಸಿನ ಲಾ ಬಾಲ್ಮ್ ಎಂಬ ಹಳ್ಳಿ, ಲಿಯೊನ್ ನಗರಕ್ಕೆ ಹತ್ತಿರ. ಅಪ್ಪ ಊರಿನ ಮೇಯರ್. ಸುಮಾರು ಒಂದು ವರ್ಷದ ಮಗುವಾಗಿದ್ದಾಗ ಕುರ್ಚಿಯಿಂದ ಜಾರಿ ಅಡುಗೆಮನೆಯ ಬೆಂಕಿಗೂಡಿಗೆ ಬಿದ್ದ. ಬಲಗೆನ್ನೆ ಸುಟ್ಟಿತು. ಕಿವಿ ಹೋದದ್ದು ಇದರಿಂದಲೇ ಅಂತ ಮನೆಯವರು ನಂಬಿದರು. ಹುಟ್ಟಿನಿಂದಲೇ ಕೇಳುತ್ತಿರಲಿಲ್ಲವೋ ಏನೋ ಅನ್ನುವ ಅನುಮಾನ ಕ್ಲೇರ್‌ಗೆ ಕೊನೆಯವರೆಗೂ ಇತ್ತು. ವಾಸನೆಯೂ ತಿಳಿಯುತ್ತಿರಲಿಲ್ಲ. ಗಾಯದ ಕಲೆ ಮಾತ್ರ ಉಳಿಯಿತು, ಅದರಿಂದಲೇ ಹೆಸರೂ ಬಂತು. ಕಿವುಡರು ಪರಸ್ಪರ ಕರೆಯಲು ಒಬ್ಬೊಬ್ಬರಿಗೂ ಒಂದು ಸನ್ನೆ ಇಟ್ಟುಕೊಳ್ಳುತ್ತಾರೆ. ಎರಡು ಬೆರಳು ಕೂಡಿಸಿ ಕೆನ್ನೆ ಮೇಲೆ ಸವರಿದರೆ ಅದು ಕ್ಲೇರ್. ಅಮೆರಿಕದ ಕಿವುಡರು ಇವತ್ತಿಗೂ ಅವರನ್ನು ಹಾಗೆಯೇ ಹೆಸರಿಸುತ್ತಾರೆ.

ಏಳು ವರ್ಷವಾದಾಗ ಅಮ್ಮ ಮಗನನ್ನು ಲಿಯೊನ್‌ಗೆ ಕರೆದೊಯ್ದಳು. ಅಲ್ಲಿನ ವೈದ್ಯನೊಬ್ಬ ವಾಸಿ ಮಾಡುತ್ತೇನೆ ಅಂದಿದ್ದ. ಹದಿನೈದು ದಿನ, ದಿನಕ್ಕೆ ಎರಡು ಸಲ ಕಿವಿಗೆ ಏನೇನೋ ದ್ರವ ಬಿಟ್ಟ. ಹೋದ ಹಾಗೆಯೇ ವಾಪಸ್ ಬಂದರು. ಆಮೇಲೆ ಐದು ವರ್ಷ ಮನೆಯಲ್ಲೇ. ಹಸು, ಕೋಳಿ, ಹೊಲ ಅಂತ ಅಡ್ಡಾಡಿಕೊಂಡಿದ್ದ ಹುಡುಗನಿಗೆ ಅಕ್ಷರದ ಗಂಧವಿರಲಿಲ್ಲ.

1797ರಲ್ಲಿ, 12ನೇ ವಯಸ್ಸಿಗೆ, ಚಿಕ್ಕಪ್ಪ ಅವನನ್ನು ಪ್ಯಾರಿಸ್ಸಿಗೆ ಕರೆತಂದು ಕಿವುಡರ ರಾಷ್ಟ್ರೀಯ ಶಾಲೆಗೆ ಸೇರಿಸಿದರು. ಲೆಪೇ 1789ರಲ್ಲೇ ತೀರಿಕೊಂಡಿದ್ದರು. ಶಾಲೆ ಅಬೇ ಸಿಕಾರ್ ಕೈಯಲ್ಲಿತ್ತು. ಆದರೆ ಈ ಹುಡುಗನಿಗೆ ಪಾಠ ಹೇಳಿದ್ದು ಜಾಂ ಮಾಸ್ಯೂ ಎಂಬ ಕಿವುಡ ಮೇಷ್ಟ್ರು. ಮಾಸ್ಯೂ ಮನೆಯಲ್ಲಿ ಆರು ಜನ ಒಡಹುಟ್ಟಿದವರು, ಆರೂ ಜನ ಕಿವುಡರು. ಕ್ರಾಂತಿಯ ಗಲಾಟೆಯಲ್ಲಿ 1792ರಲ್ಲಿ ಸಿಕಾರ್ ಜೈಲಿಗೆ ಹೋದಾಗ ಬಿಡುಗಡೆಗೆ ಅರ್ಜಿ ಬರೆದು ಶಾಸನಸಭೆಗೆ ಕೊಟ್ಟವರು ಇದೇ ಮಾಸ್ಯೂ. 'ಕೃತಜ್ಞತೆ ಅಂದರೆ ಹೃದಯದ ನೆನಪು' ಅನ್ನುವ ಮಾತು ಅವರ ಹೆಸರಲ್ಲೇ ಪ್ರಸಿದ್ಧ. ದೊಡ್ಡವನಾದ ಮೇಲೆ ಕಿವುಡನೊಬ್ಬ ಏನಾಗಬಹುದು ಅಂತ ಆ ಹುಡುಗನಿಗೆ ತೋರಿಸಲು ಮಾಸ್ಯೂ ತರಗತಿಗೆ ಬಂದು ನಿಂತರೆ ಸಾಕಿತ್ತು. ಈ ಒಂದು ವಿಷಯ ಪಠ್ಯಕ್ಕಿಂತ ದೊಡ್ಡದು ಅಂತ ನನಗನ್ನಿಸುತ್ತದೆ.

ಅದೇ ಶಾಲೆಯಲ್ಲಿ ಮಾತು ಕಲಿಸುವ ಪ್ರಯತ್ನವೂ ನಡೆಯಿತು. ಮಾರ್ಗರಾಂ ಎಂಬ ಪಾದ್ರಿ ಕೆಲವು ಹುಡುಗರಿಗೆ ಉಚ್ಚಾರ ಹೇಳಿಕೊಡುತ್ತಿದ್ದರು. ಕ್ಲೇರ್‌ಗೆ ಬೇರೆ ಅಕ್ಷರ ಹೇಗೋ ಬಂದವು. 'ದಾ' ಮತ್ತು 'ತಾ' ನಡುವಿನ ವ್ಯತ್ಯಾಸ ಮಾತ್ರ ಬರಲೊಲ್ಲದು. ಬರುವುದಾದರೂ ಹೇಗೆ? ನೀವೇ ಕನ್ನಡಿ ಮುಂದೆ ನಿಂತು ಎರಡನ್ನೂ ಹೇಳಿ ನೋಡಿ. ತುಟಿ, ಹಲ್ಲು, ನಾಲಿಗೆ ಎಲ್ಲ ಒಂದೇ ಥರ ಕಾಣುತ್ತವೆ. ಒಂದರಲ್ಲಿ ಗಂಟಲು ಕಂಪಿಸುತ್ತದೆ, ಇನ್ನೊಂದರಲ್ಲಿ ಇಲ್ಲ. ಕಣ್ಣಿಗೆ ಅದು ಕಾಣುವುದಿಲ್ಲ. ತುಟಿ ನೋಡಿ ಮಾತು ತಿಳಿಯುವುದು ಎಷ್ಟು ಕಷ್ಟ ಅನ್ನುವುದಕ್ಕೆ ಈ ಎರಡು ಅಕ್ಷರ ಸಾಕು. ಒಂದು ದಿನ ಪಾದ್ರಿಗೆ ತಾಳ್ಮೆ ಕೆಟ್ಟಿತು. ಹುಡುಗನ ಗದ್ದಕ್ಕೆ ಕೆಳಗಿನಿಂದ ಜೋರಾಗಿ ಗುದ್ದಿದರು. ಹಲ್ಲಿಗೆ ಸಿಕ್ಕಿ ನಾಲಿಗೆ ಕಚ್ಚಿಹೋಯಿತು. ಇನ್ನು ಬಾಯಿಂದ ಮಾತಾಡುವ ಸಹವಾಸವೇ ಬೇಡ ಅಂತ ಕ್ಲೇರ್ ಅವತ್ತೇ ತೀರ್ಮಾನ ಮಾಡಿದ. ಬದುಕಿಡೀ ಆ ಮಾತಿಗೆ ತಪ್ಪಲಿಲ್ಲ.

ಬರವಣಿಗೆಯಲ್ಲಿ ಮಾತ್ರ ಅವರದು ಒಳ್ಳೆಯ ಕೈ. ಇಪ್ಪತ್ತು ದಾಟುವ ಹೊತ್ತಿಗೆ ಅದೇ ಶಾಲೆಯಲ್ಲಿ ಮೇಷ್ಟ್ರಾದರು, ಮುಂದೆ ಮೇಲಿನ ತರಗತಿ ಅವರ ಕೈಗೆ ಬಂತು. ಸಿಕಾರ್‌ಗೆ ಪ್ರದರ್ಶನದ ಹುಚ್ಚು. ಜನ ಸೇರಿಸಿ, ಮಾಸ್ಯೂ ಮತ್ತು ಕ್ಲೇರ್ ಅವರನ್ನು ಬೋರ್ಡಿನ ಮುಂದೆ ನಿಲ್ಲಿಸಿ, ಏನು ಬೇಕಾದರೂ ಕೇಳಿ ಅನ್ನುತ್ತಿದ್ದರು. ದೇವರು, ಸಮಯ, ಆಸೆ ಅಂತ ಜನ ದೊಡ್ಡ ದೊಡ್ಡದನ್ನೇ ಕೇಳುತ್ತಿದ್ದರು. ಇವರಿಬ್ಬರೂ ಸೀಮೆಸುಣ್ಣದಲ್ಲಿ ಉತ್ತರ ಬರೆಯುತ್ತಿದ್ದರು. ಇವತ್ತಿನ ಕಣ್ಣಿಗೆ ಸ್ವಲ್ಪ ಮುಜುಗರ ಅನ್ನಿಸುವ ಆಟ. ಆದರೆ ಮುಂದಿನ ಕಥೆಗೆಲ್ಲ ಅದೇ ಕಾರಣವಾಯಿತು.

ಹಾರ್ಟ್‌ಫರ್ಡಿನ ಹುಡುಗಿ

ಅತ್ತ ಅಮೆರಿಕದ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡಿನಲ್ಲಿ ಮೇಸನ್ ಕಾಗ್ಸ್‌ವೆಲ್ ಎಂಬ ವೈದ್ಯರಿದ್ದರು. ಮಗಳು ಆಲಿಸ್, 1805ರಲ್ಲಿ ಹುಟ್ಟಿದವಳು. ಎರಡು ವರ್ಷದವಳಿದ್ದಾಗ ಜ್ವರ ಬಂದು ಕಿವಿ ಹೋಯಿತು. ಪಕ್ಕದ ಮನೆಯ ಹುಡುಗ ಗ್ಯಾಲಡೆಟ್, ಪಾದ್ರಿಯಾಗಲು ಓದಿದವರು. 1814ರಲ್ಲಿ ಒಂದು ದಿನ ಅಂಗಳದಲ್ಲಿ ಆಡುತ್ತಿದ್ದ ಆಲಿಸ್‌ಗೆ ತಮ್ಮ ಟೋಪಿ ತೋರಿಸಿ ನೆಲದ ಮೇಲೆ ಕಡ್ಡಿಯಿಂದ ಆ ಹೆಸರು ಬರೆದರಂತೆ. ಈ ಗೀಟುಗಳಿಗೂ ಆ ಟೋಪಿಗೂ ಸಂಬಂಧವಿದೆ ಅಂತ ಹುಡುಗಿಗೆ ಹೊಳೆಯಿತಂತೆ. ಅಮೆರಿಕದ ಕಿವುಡರ ಶಾಲೆಗಳಲ್ಲಿ ಎಲ್ಲರಿಗೂ ಗೊತ್ತಿರುವ ಕಥೆ ಇದು.

ಡಾಕ್ಟರ್ ಲೆಕ್ಕದ ಮನುಷ್ಯ. ಚರ್ಚಿನ ಪಾದ್ರಿಗಳ ಮೂಲಕ ಎಣಿಸಿದಾಗ ಕನೆಕ್ಟಿಕಟ್ ಒಂದರಲ್ಲೇ 84 ಕಿವುಡರು ಸಿಕ್ಕಿದ್ದರು. ಹಾಗಾದರೆ ಶಾಲೆಯೇ ಬೇಕು ಅಂತ ಊರಿನ ಹಣವಂತರನ್ನು ಸೇರಿಸಿ ದುಡ್ಡು ಕೂಡಿಸಿದರು. ಕಲಿಸುವ ಕ್ರಮ ತಿಳಿದು ಬರಲು 1815ರಲ್ಲಿ ಗ್ಯಾಲಡೆಟ್ ಯುರೋಪಿಗೆ ಹೊರಟರು.

ಅವರು ಮೊದಲು ಹೋದದ್ದು ಬ್ರಿಟನ್ನಿಗೆ. ಅಲ್ಲಿ ಬ್ರೇಡ್‌ವುಡ್ ಮನೆತನದ ಶಾಲೆಗಳು. ಮಾತು ಕಲಿಸುವುದಕ್ಕೇ ಅಲ್ಲಿ ಒತ್ತು, ಫೀಸೂ ಜಾಸ್ತಿ. ನಾಟಿ ವೈದ್ಯರು ಮದ್ದಿನ ಸೊಪ್ಪಿನ ಹೆಸರು ಹೇಳದ ಹಾಗೆ ಅವರು ಕಲಿಸುವ ಕ್ರಮವನ್ನು ಗುಟ್ಟಾಗಿಟ್ಟಿದ್ದರು. ಕಲಿಯಬೇಕಾದರೆ ವರ್ಷಗಟ್ಟಲೆ ನಮ್ಮಲ್ಲಿ ಕೆಲಸ ಮಾಡು, ಯಾರಿಗೂ ಹೇಳುವುದಿಲ್ಲ ಅಂತ ಬರೆದುಕೊಡು ಅಂದರು. ಗ್ಯಾಲಡೆಟ್ ಒಪ್ಪಲಿಲ್ಲ. ಎಡಿನ್‌ಬರೊಗೂ ಹೋಗಿ ನೋಡಿದರು. ಅಲ್ಲಿನ ಮೇಷ್ಟ್ರೂ ಅದೇ ಮುಚ್ಚಳಿಕೆಗೆ ಸಿಕ್ಕಿಕೊಂಡಿದ್ದರು. ಬ್ರೇಡ್‌ವುಡ್ ಮನೆಯವರು ಅವತ್ತು ಸ್ವಲ್ಪ ಸಡಿಲ ಮಾಡಿದ್ದರೆ ಅಮೆರಿಕದ ಕಿವುಡರ ಕಥೆಯೇ ಬೇರೆಯಾಗುತ್ತಿತ್ತು. ಅಲ್ವಾ?

ಅದೇ ಸಮಯಕ್ಕೆ ಸರಿಯಾಗಿ ನೆಪೋಲಿಯನ್ ಎಲ್ಬಾದಿಂದ ತಪ್ಪಿಸಿಕೊಂಡು ಪ್ಯಾರಿಸ್ಸಿಗೆ ಮರಳಿದ್ದ. ಸಿಕಾರ್ ತಮ್ಮ ಇಬ್ಬರು ಕಿವುಡ ಮೇಷ್ಟ್ರುಗಳನ್ನು ಕಟ್ಟಿಕೊಂಡು ಲಂಡನ್ನಿಗೆ ಬಂದು ಪ್ರದರ್ಶನ ನಡೆಸುತ್ತಿದ್ದರು. ಗ್ಯಾಲಡೆಟ್ ಹೋಗಿ ಪರಿಚಯ ಮಾಡಿಕೊಂಡರು. ಪ್ಯಾರಿಸ್ಸಿಗೆ ಬನ್ನಿ, ಎಲ್ಲ ಕಲಿಸುತ್ತೇವೆ, ದುಡ್ಡೂ ಬೇಡ, ಗುಟ್ಟೂ ಇಲ್ಲ ಅಂತ ಕರೆ ಬಂತು.

1816ರ ವಸಂತದಲ್ಲಿ ಗ್ಯಾಲಡೆಟ್ ಪ್ಯಾರಿಸ್ಸಿನ ಶಾಲೆಯಲ್ಲಿ ಕೂತು ಪಾಠ ನೋಡಿದರು. ಕ್ಲೇರ್ ಅವರಿಂದ ಪ್ರತ್ಯೇಕವಾಗಿಯೂ ಸನ್ನೆ ಕಲಿತರು. ಕೆಲವೇ ತಿಂಗಳಲ್ಲಿ ಒಂದು ವಿಷಯ ಗೊತ್ತಾಯಿತು. ಇದು ನೋಟ್ಸ್ ಬರೆದುಕೊಂಡು ಹೋಗಿ ಕಲಿಸುವ ವಿದ್ಯೆಯಲ್ಲ. ಭಾಷೆ ಬಲ್ಲವರೊಬ್ಬರು ಜೊತೆಯಲ್ಲಿ ಬರಬೇಕು. ಸಂಕೋಚದಿಂದಲೇ ಕ್ಲೇರ್ ಅವರನ್ನು ಕೇಳಿದರು. ಕ್ಲೇರ್ ಒಪ್ಪಿಬಿಟ್ಟರು. ಸಿಕಾರ್‌ಗೆ ಕಳಿಸಲು ಮನಸ್ಸಿಲ್ಲ. ಊರಿಗೆ ಹೋಗಿ ಹೇಳಿದರೆ ಅಮ್ಮನೂ ಬೇಡ ಅಂದಳು. ಕೊನೆಗೆ ಜೂನ್ 13ಕ್ಕೆ ಮೂರು ವರ್ಷದ ಕರಾರು ಆಯಿತು. ತಮ್ಮ ಕ್ಯಾಥೊಲಿಕ್ ಧರ್ಮಕ್ಕೆ ಹೊಂದದ್ದನ್ನು ಕಲಿಸಿ ಅಂತ ಕ್ಲೇರ್ ಅವರನ್ನು ಒತ್ತಾಯಿಸಬಾರದು ಅನ್ನುವ ಷರತ್ತೂ ಅದರಲ್ಲಿತ್ತು.

ಜೂನ್ 18ಕ್ಕೆ ಹೊರಟ ಹಡಗು ನ್ಯೂಯಾರ್ಕ್ ಮುಟ್ಟಿದ್ದು ಆಗಸ್ಟ್ 9ಕ್ಕೆ. 52 ದಿನ. ಹಡಗಿನಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಮೇಷ್ಟ್ರು. ಗ್ಯಾಲಡೆಟ್ ಸನ್ನೆ ಕಲಿಯುತ್ತಾರೆ, ಕ್ಲೇರ್ ಇಂಗ್ಲಿಷ್ ಕಲಿಯುತ್ತಾರೆ. ಕ್ಲೇರ್ ದಿನವೂ ಇಂಗ್ಲಿಷಿನಲ್ಲೇ ಡೈರಿ ಬರೆದರು. ಸಮುದ್ರ, ಊಟ, ಜೊತೆಗಿದ್ದವರ ವಿಚಾರ, ಬಿಟ್ಟು ಬಂದ ಊರಿನ ಯೋಚನೆ ಎಲ್ಲ ಅದರಲ್ಲಿವೆ. ಹುಟ್ಟಿನಿಂದ ಒಂದು ಶಬ್ದವೂ ನೆನಪಿಲ್ಲದ ಮನುಷ್ಯ ಮೂರನೆಯ ಭಾಷೆಯನ್ನು ಹಡಗಿನ ಮೇಲೆ ಕಲಿತು ಡೈರಿ ಬರೆಯುವುದೆಂದರೆ ಸಣ್ಣ ವಿಷಯವಲ್ಲ. ಸನ್ನೆ ಭಾಷೆ ಗಟ್ಟಿಯಾಗಿದ್ದರೆ ಅದರ ಮೇಲೆ ಓದು ಬರಹದ ಭಾಷೆ ಎಷ್ಟಾದರೂ ಕಟ್ಟಬಹುದು ಅನ್ನುವುದಕ್ಕೆ ಮೊದಲ ಸಾಕ್ಷಿ ಕ್ಲೇರ್ ಅವರೇ.

ಹಾರ್ಟ್‌ಫರ್ಡ್ ತಲುಪಿದ ಮೇಲೆ ಆಲಿಸ್‌ಳನ್ನು ಅವಳ ಶಾಲೆಯಿಂದ ಕರೆಸಿದರು. ತನ್ನ ಹಾಗೆಯೇ ಕಿವುಡರಾದ ದೊಡ್ಡವರೊಬ್ಬರನ್ನು ಅವಳು ಕಂಡಳು. ಇಬ್ಬರೂ ಸನ್ನೆಯಲ್ಲಿ ಮಾತಿಗೆ ಕೂತರು. ಚೆನ್ನಾಗಿಯೇ ಅರ್ಥವಾಯಿತು ಅಂತ ಕ್ಲೇರ್ ಮುಂದೆ ಬರೆದುಕೊಂಡಿದ್ದಾರೆ.

ಏಳು ಮಕ್ಕಳ ಶಾಲೆ

ದುಡ್ಡಿಗಾಗಿ ಊರೂರು ತಿರುಗಾಟ ಶುರುವಾಯಿತು. ಬಾಸ್ಟನ್, ನ್ಯೂ ಹೇವನ್, ಆಲ್ಬನಿ, ಫಿಲಡೆಲ್ಫಿಯಾ. ಕ್ಲೇರ್ ಬರೆದ ಭಾಷಣವನ್ನು ಗ್ಯಾಲಡೆಟ್ ಓದುತ್ತಿದ್ದರು. ಜನ ಪ್ರಶ್ನೆ ಕೇಳಿದರೆ ಕ್ಲೇರ್ ಅಲ್ಲೇ ಬರೆದು ಉತ್ತರ ಕೊಡುತ್ತಿದ್ದರು. ಕಿವುಡರಿಗೆ ಕಲಿಸಬಹುದು ಅಂತ ನೂರು ಸಲ ಹೇಳುವುದಕ್ಕಿಂತ ಕ್ಲೇರ್ ಎದುರಿಗೆ ನಿಂತದ್ದೇ ಹೆಚ್ಚು ಕೆಲಸ ಮಾಡಿತು. 1816ರ ಅಕ್ಟೋಬರಿನಲ್ಲಿ ಕನೆಕ್ಟಿಕಟ್ ಶಾಸನಸಭೆ 5,000 ಡಾಲರ್ ಕೊಟ್ಟಿತು. 1817ರ ಏಪ್ರಿಲ್ 15ರಂದು ಹಾರ್ಟ್‌ಫರ್ಡಿನ ಒಂದು ಹೋಟೆಲ್ ಕಟ್ಟಡದಲ್ಲಿ ಶಾಲೆ ತೆರೆಯಿತು. ಮೊದಲ ವಿದ್ಯಾರ್ಥಿಗಳು ಏಳು ಜನ. ಹಾಜರಿ ಪುಸ್ತಕದಲ್ಲಿ ಮೊದಲ ಹೆಸರು ಆಲಿಸ್‌ಳದ್ದು. ಆರಂಭದ ಆ ವಿದ್ಯಾರ್ಥಿಗಳಲ್ಲಿ 51 ವರ್ಷದವರೊಬ್ಬರೂ ಇದ್ದರು. ಜಾನ್ ಬ್ರೂಸ್ಟರ್, ಊರೂರು ಸುತ್ತಿ ಜನರ ಭಾವಚಿತ್ರ ಬರೆದು ಹೆಸರು ಮಾಡಿದ ಕಲಾವಿದ. ಆ ವಯಸ್ಸಿಗೆ ಮಕ್ಕಳ ಜೊತೆ ಬೆಂಚಿನ ಮೇಲೆ ಬಂದು ಕೂತರು.

ತರಗತಿಯಲ್ಲಿ ನಡೆಯುತ್ತಿದ್ದದ್ದು ಹೀಗೆ. ವಸ್ತು ತೋರಿಸುವುದು, ಅದರ ಸನ್ನೆ ಮಾಡುವುದು, ಬೆರಳಲ್ಲಿ ಅಕ್ಷರ ಬಿಡಿಸುವುದು, ಬೋರ್ಡಿನ ಮೇಲೆ ಬರೆಯುವುದು. ಕ್ರಿಯಾಪದವಾದರೆ ಮಾಡಿ ತೋರಿಸುವುದು. ಆಮೇಲೆ ಕಥೆ, ಲೆಕ್ಕ, ಭೂಗೋಳ, ಚರಿತ್ರೆ. ಕ್ಲೇರ್ ಮೊದಮೊದಲು ಪ್ಯಾರಿಸ್ಸಿನ ಆ ವ್ಯಾಕರಣದ ಸನ್ನೆಗಳನ್ನೂ ಇಂಗ್ಲಿಷಿಗೆ ಒಗ್ಗಿಸಿ ಬಳಸಿದರು. ಮಕ್ಕಳು ಹಾಸ್ಟೆಲಿನಲ್ಲಿ ಅವನ್ನು ಮೂಸಿಯೂ ನೋಡಲಿಲ್ಲ. ವರ್ಷ ಕಳೆದ ಹಾಗೆ ಶಾಲೆಯೂ ಅವನ್ನು ಕೈಬಿಟ್ಟಿತು, ಕಿವುಡರ ಸಹಜ ಸನ್ನೆಯೇ ಉಳಿಯಿತು.

ಆ ಸಹಜ ಸನ್ನೆ ಬರೀ ಪ್ಯಾರಿಸ್ಸಿನದಾಗಿ ಉಳಿಯಲಿಲ್ಲ. ಮಕ್ಕಳು ತಮ್ಮ ಮನೆಯ ಸನ್ನೆಗಳನ್ನು ತಂದಿದ್ದರು. ಕೆಲವರು ಮಾರ್ಥಾಸ್ ವಿನ್‌ಯಾರ್ಡ್ ಎಂಬ ದ್ವೀಪದವರು. ಅಲ್ಲಿ ವಂಶದಲ್ಲೇ ಹರಿದು ಬಂದ ಕಿವುಡುತನ ಎಷ್ಟಿತ್ತೆಂದರೆ 19ನೇ ಶತಮಾನದಲ್ಲಿ ದ್ವೀಪದ 155 ಜನರಲ್ಲಿ ಒಬ್ಬರು, ಅದರ ಚಿಲ್ಮಾರ್ಕ್ ಎಂಬ ಊರಿನಲ್ಲಿ 25 ಜನರಲ್ಲಿ ಒಬ್ಬರು ಕಿವುಡರು. ಹಾಗಾಗಿ ಅಲ್ಲಿ ಕಿವಿ ಕೇಳುವವರಿಗೂ ಸನ್ನೆ ಬರುತ್ತಿತ್ತು. ಮೀನು ಹಿಡಿಯುವ ದೋಣಿಗಳ ನಡುವೆ ಕೂಗಿ ಹೇಳುವ ಬದಲು ಕೈಯಲ್ಲೇ ಹೇಳುತ್ತಿದ್ದರು. ಇಂಥ ಮಕ್ಕಳ ಸನ್ನೆ, ಕ್ಲೇರ್ ತಂದ ಸನ್ನೆ ಎರಡೂ ಹಾರ್ಟ್‌ಫರ್ಡ್ ಹಾಸ್ಟೆಲಿನಲ್ಲಿ ಕಲೆತವು. ಹುಟ್ಟಿದ್ದು ಅಮೆರಿಕನ್ ಸನ್ನೆ ಭಾಷೆ. ಪ್ಯಾರಿಸ್ಸಿನ ಗುರುತು ಅದರಲ್ಲಿ ಈಗಲೂ ಇದೆ. 'ಹುಡುಕು' ಅನ್ನಲು ಅಮೆರಿಕದ ಕಿವುಡರು ಕೈಯನ್ನು ಸಿ ಅಕ್ಷರದ ಆಕಾರಕ್ಕೆ ಬಗ್ಗಿಸಿ ಮುಖದ ಮುಂದೆ ಸುತ್ತಿಸುತ್ತಾರೆ. ಹುಡುಕುವುದಕ್ಕೆ ಇಂಗ್ಲಿಷಿನಲ್ಲಿ ಹೇಳುವ ಮಾತು ಸಿ ಅಕ್ಷರದಿಂದ ಶುರುವಾಗುವುದಿಲ್ಲ, ಫ್ರೆಂಚಿನ ಮಾತು ಶುರುವಾಗುತ್ತದೆ.

1818ರಲ್ಲಿ ಕ್ಲೇರ್ ವಾಷಿಂಗ್ಟನ್ನಿಗೆ ಹೋದರು. ಸಂಸತ್ತಿನಲ್ಲಿ ಸ್ಪೀಕರ್ ಹೆನ್ರಿ ಕ್ಲೇ ಅವರನ್ನು ಪಕ್ಕದಲ್ಲೇ ಕೂರಿಸಿಕೊಂಡರು. ಅಧ್ಯಕ್ಷ ಮನ್ರೋ ಅವರನ್ನೂ ಕಂಡರು. ಮುಂದಿನ ವರ್ಷ ಸಂಸತ್ತು ಶಾಲೆಗೆ ಅಲಬಾಮಾದಲ್ಲಿ ಸುಮಾರು 23,000 ಎಕರೆ ಜಮೀನು ಕೊಟ್ಟಿತು. ಅದನ್ನು ಮಾರಿದ ಹಣ ಶಾಲೆಯ ಬುಡ ಗಟ್ಟಿ ಮಾಡಿತು. (ಅಲಬಾಮಾದ ಆ ನೆಲವೆಲ್ಲ ಅಲ್ಲಿನ ಮೂಲನಿವಾಸಿಗಳಿಂದ ಕಿತ್ತುಕೊಂಡದ್ದು. ಅದು ಬೇರೆಯೇ ಕಥೆ.)

1819ರ ಮೇ ತಿಂಗಳಲ್ಲಿ ಕ್ಲೇರ್ ಮದುವೆಯಾದರು. ಹುಡುಗಿ ಎಲೈಜಾ ಬೋರ್ಡ್‌ಮನ್, ಅದೇ ಶಾಲೆಯಲ್ಲಿ ಓದಿದ ಕಿವುಡೆ. ಕಿವುಡರು ಕಿವುಡರನ್ನೇ ಮದುವೆಯಾದರೆ ಸಂಸಾರ ಹೇಗೆ, ಮಕ್ಕಳ ಗತಿ ಏನು ಅಂತ ಗ್ಯಾಲಡೆಟ್ ಕೂಡ ಹಿಂಜರಿದಿದ್ದರು. ಕ್ಲೇರ್ ಕೇಳಲಿಲ್ಲ. ಅವರ ಮಕ್ಕಳಿಗೆಲ್ಲ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು. ಚಾರ್ಲ್ಸ್ ವಿಲ್ಸನ್ ಪೀಲ್ ಬರೆದ ಎಲೈಜಾ ಚಿತ್ರವೊಂದಿದೆ. ತೊಡೆಯ ಮೇಲೆ ಪುಟ್ಟ ಮಗಳು ಎಲಿಜಬೆತ್. ತಾಯಿಯ ಬೆರಳುಗಳು ಇ ಅಕ್ಷರ ತೋರಿಸುತ್ತಿವೆ. ಇನ್ನು ಗ್ಯಾಲಡೆಟ್? 1821ರಲ್ಲಿ ಅವರೂ ತಮ್ಮ ಕಿವುಡ ವಿದ್ಯಾರ್ಥಿನಿ ಸೋಫಿಯಾ ಫೌಲರ್ ಅವರನ್ನೇ ಮದುವೆಯಾದರು.

ಮೂರು ವರ್ಷಕ್ಕೆ ಅಂತ ಬಂದ ಮನುಷ್ಯ ಊರಿಗೆ ನೆಲೆಸಲು ಮರಳಲೇ ಇಲ್ಲ. ಆಗಾಗ ಫ್ರಾನ್ಸಿಗೆ ಹೋಗಿ ಬಂದರು, ಅಷ್ಟೆ. ಬೇರೆ ಬೇರೆ ರಾಜ್ಯಗಳಲ್ಲಿ ಶಾಲೆ ತೆರೆಯುವವರು ತರಬೇತಿಗೆ ಹಾರ್ಟ್‌ಫರ್ಡಿಗೆ ಬಂದರು. ಓದಿದ ಕಿವುಡ ಮಕ್ಕಳೇ ಆ ಶಾಲೆಗಳಿಗೆ ಮೇಷ್ಟ್ರಾಗಿ ಹೋದರು. 1870ರ ಹೊತ್ತಿಗೆ ಅಮೆರಿಕದ ಕಿವುಡರ ಶಾಲೆಗಳಲ್ಲಿ ನೂರಕ್ಕೆ ಸುಮಾರು 40 ಮೇಷ್ಟ್ರುಗಳು ಕಿವುಡರೇ. 1850ರಲ್ಲಿ ದೇಶದ ಮೂಲೆಮೂಲೆಯಿಂದ ನೂರಾರು ಹಳೆಯ ವಿದ್ಯಾರ್ಥಿಗಳು ಬಂದು ಕ್ಲೇರ್ ಮತ್ತು ಗ್ಯಾಲಡೆಟ್ ಇಬ್ಬರಿಗೂ ಬೆಳ್ಳಿ ಹೂಜಿ ಕೊಟ್ಟು ಸನ್ಮಾನ ಮಾಡಿದರು.

ಒಂದು ವಿಷಯ ಮಾತ್ರ ಚುಚ್ಚುತ್ತದೆ. ಕ್ಲೇರ್ ಫಿಲಡೆಲ್ಫಿಯಾದ ಶಾಲೆಯನ್ನು ಕೆಲವು ತಿಂಗಳು ನಡೆಸಿಕೊಟ್ಟರು. ಆದರೆ ತಾವೇ ಕಟ್ಟಿದ ಹಾರ್ಟ್‌ಫರ್ಡ್ ಶಾಲೆಗೆ ಅವರು ಯಾವತ್ತೂ ಮುಖ್ಯಸ್ಥರಾಗಲಿಲ್ಲ. 1830ರಲ್ಲಿ ಗ್ಯಾಲಡೆಟ್ ರಾಜೀನಾಮೆ ಕೊಟ್ಟಾಗ ಆ ಜಾಗಕ್ಕೆ ಬಂದದ್ದು ಕಿವಿ ಕೇಳುವ ಇನ್ನೊಬ್ಬರು. ಆಮೇಲೆಯೂ ಹಾಗೆಯೇ. ಮೇಷ್ಟ್ರಾಗಿ ಸೇರಿದ ಕ್ಲೇರ್ 1858ರಲ್ಲಿ ಮೇಷ್ಟ್ರಾಗಿಯೇ ನಿವೃತ್ತರಾದರು.

ಕೈ ಕಟ್ಟಿಸಿದ ಮಿಲಾನ್

ಗ್ಯಾಲಡೆಟ್ ಮಗ ಎಡ್ವರ್ಡ್ ವಾಷಿಂಗ್ಟನ್ನಿನಲ್ಲಿ ಕಿವುಡರಿಗೆ ಕಾಲೇಜು ಕಟ್ಟಿದರು. ಈಗಿನ ಗ್ಯಾಲಡೆಟ್ ವಿಶ್ವವಿದ್ಯಾಲಯ ಅದೇ. 1864ರ ಏಪ್ರಿಲ್‌ನಲ್ಲಿ ಲಿಂಕನ್ ಅದರ ಸನ್ನದಿಗೆ ಸಹಿ ಹಾಕಿದರು. ಆ ಜೂನ್‌ನಲ್ಲಿ ನಡೆದ ಉದ್ಘಾಟನೆಗೆ 78 ವರ್ಷದ ಕ್ಲೇರ್ ಬಂದು ಮಾತಾಡಿದರು. 1869ರ ಜುಲೈ 18ರಂದು ಹಾರ್ಟ್‌ಫರ್ಡಿನಲ್ಲಿ ತೀರಿಕೊಂಡರು.

ಹನ್ನೊಂದು ವರ್ಷಕ್ಕೆ ಇಟಲಿಯ ಮಿಲಾನಿನಲ್ಲಿ ಕಿವುಡರ ಶಿಕ್ಷಕರ ಸಮ್ಮೇಳನ ನಡೆಯಿತು. 1880ರ ಸೆಪ್ಟೆಂಬರ್. ಬಾಯಿಮಾತೇ ಶ್ರೇಷ್ಠ, ಸನ್ನೆ ಬೇಡ ಅಂತ ಅಲ್ಲಿ ನಿರ್ಣಯವಾಯಿತು. ಸೇರಿದ್ದ 164 ಪ್ರತಿನಿಧಿಗಳಲ್ಲಿ ಕಿವುಡರು ಒಬ್ಬರೇ. ಅಮೆರಿಕದವರು ವಿರೋಧಿಸಿದರೂ ಗಾಳಿ ಅತ್ತಲೇ ಬೀಸಿತು. ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ಕೂಡ ಬಾಯಿಮಾತಿನ ಪಕ್ಷ. ಅವರ ಅಮ್ಮ, ಹೆಂಡತಿ ಇಬ್ಬರೂ ಕಿವುಡರು. ಶಾಲೆಗಳಲ್ಲಿ ಸನ್ನೆ ಮಾಡಿದ ಮಕ್ಕಳ ಕೈಗೆ ಏಟು ಬಿತ್ತು. ಕಿವುಡ ಮೇಷ್ಟ್ರು ಮಾತು ಕಲಿಸುವುದು ಹೇಗೆ? ಹಾಗಾಗಿ ಅವರ ಕೆಲಸಗಳು ಒಂದೊಂದಾಗಿ ಹೋದವು. ಮಕ್ಕಳ ದಿನದ ಹೊತ್ತೆಲ್ಲ 'ದಾ' 'ತಾ' ಉಚ್ಚಾರಕ್ಕೇ ಹೋಗುತ್ತಿತ್ತು. ಚರಿತ್ರೆ, ಗಣಿತಕ್ಕೆ ಹೊತ್ತೇ ಉಳಿಯುತ್ತಿರಲಿಲ್ಲ. ಸನ್ನೆ ಭಾಷೆ ಮಾತ್ರ ಸಾಯಲಿಲ್ಲ. ಹಾಸ್ಟೆಲಿನಲ್ಲಿ ದೊಡ್ಡ ಮಕ್ಕಳಿಂದ ಚಿಕ್ಕ ಮಕ್ಕಳು ಕಲಿಯುತ್ತಲೇ ಹೋದರು.

ಇದೂ ಭಾಷೆಯೇ ಅಂತ ಪಂಡಿತರಿಗೆ ತೋರಿಸಲು 1960 ಬರಬೇಕಾಯಿತು. ಗ್ಯಾಲಡೆಟ್ ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ವಿಲಿಯಂ ಸ್ಟೋಕಿ ಸನ್ನೆಗಳನ್ನು ಬಿಡಿಸಿ ನೋಡಿದರು. ಕೈಯ ಆಕಾರ, ಕೈ ಇರುವ ಜಾಗ, ಕೈಯ ಚಲನೆ, ಈ ಮೂರೂ ಸೇರಿ ಸನ್ನೆಯಾಗುತ್ತದೆ. ಒಂದು ಬದಲಾದರೆ ಅರ್ಥವೇ ಬೇರೆ. ತೋರುಬೆರಳನ್ನು ಕೊಕ್ಕೆಯಂತೆ ಮಡಚುತ್ತ ಹಣೆಯ ಮುಂದೆ ಎಳೆದರೆ ಬೇಸಿಗೆ. ಅದನ್ನೇ ಮೂಗಿನ ಮುಂದೆ ಎಳೆದರೆ ಕುರೂಪ, ಗದ್ದದ ಮುಂದೆ ಎಳೆದರೆ ಒಣಗಿದ್ದು. 'ದಾ'ಗೂ 'ತಾ'ಗೂ ಇರುವಂಥದೇ ವ್ಯತ್ಯಾಸ ಇದು, ಕಣ್ಣಿಗೆ ಕಾಣುತ್ತದೆ ಅಷ್ಟೆ. ಮಿಲಾನ್ ನಿರ್ಣಯದಿಂದಾದ ಹಾನಿಗೆ ಅದೇ ಸರಣಿಯ ಸಮ್ಮೇಳನ ವಿಷಾದ ಹೇಳಿದ್ದು 2010ರಲ್ಲಿ, ವ್ಯಾಂಕೂವರ್‌ನಲ್ಲಿ.

ಮುಖ್ಯಸ್ಥರ ಕುರ್ಚಿಯ ವಿಷಯವೂ ತಡವಾಗಿಯೇ ಇತ್ಯರ್ಥವಾಯಿತು. 1988ರ ಮಾರ್ಚ್‌ನಲ್ಲಿ ಗ್ಯಾಲಡೆಟ್ ವಿಶ್ವವಿದ್ಯಾಲಯಕ್ಕೆ ಮತ್ತೆ ಕಿವಿ ಕೇಳುವವರನ್ನೇ ಅಧ್ಯಕ್ಷರಾಗಿ ಆರಿಸಿದಾಗ ವಿದ್ಯಾರ್ಥಿಗಳು ಗೇಟು ಮುಚ್ಚಿ ಕೂತರು. ಒಂದು ವಾರದಲ್ಲಿ ಆಡಳಿತ ಮಂಡಳಿ ಮಣಿಯಿತು. ಐ. ಕಿಂಗ್ ಜೋರ್ಡಾನ್ ಮೊದಲ ಕಿವುಡ ಅಧ್ಯಕ್ಷರಾದರು. ಸಂಸ್ಥೆ ಶುರುವಾಗಿ ಆಗಲೇ 124 ವರ್ಷ.

ಇದರಲ್ಲಿ ನಮ್ಮ ಕಡೆಯ ಎಳೆಯೂ ಒಂದಿದೆ. ಭಾರತೀಯ ಸನ್ನೆ ಭಾಷೆ ಕ್ಲೇರ್ ಪರಂಪರೆಯದ್ದಲ್ಲ. ನಮ್ಮ ಕಿವುಡರು ಎ ಬಿ ಸಿ ತೋರಿಸುವುದು ಲಂಡನ್ನಿನವರ ಹಾಗೆ, ಎರಡು ಕೈಯಲ್ಲಿ. ಆದರೆ ದೆಹಲಿ, ಕೋಲ್ಕತ್ತ, ಮುಂಬಯಿ ಜೊತೆ ಬೆಂಗಳೂರಿನ ಕಿವುಡರ ಸನ್ನೆಗಳನ್ನೂ ಮೊದಲು ಸಂಗ್ರಹಿಸಿ ಅಧ್ಯಯನ ಮಾಡಿದ ತಂಡದಲ್ಲಿದ್ದವರು ಅದೇ ಗ್ಯಾಲಡೆಟ್‌ನ ಮದನ್ ವಸಿಷ್ಠ. ಅವರೂ ಕಿವುಡರು, ಹಿಮಾಚಲದ ಹಳ್ಳಿಯಿಂದ ಹೋದವರು. ಇಲ್ಲಿನ ಶಾಲೆಗಳಲ್ಲೂ ಬಹುಕಾಲ ಬಾಯಿಮಾತಿಗೇ ಒತ್ತು ಇತ್ತು. 2015ರಲ್ಲಿ ದೆಹಲಿಯಲ್ಲಿ ಭಾರತೀಯ ಸನ್ನೆ ಭಾಷೆಯ ಸಂಶೋಧನೆ ಮತ್ತು ತರಬೇತಿಗೆ ಸರ್ಕಾರಿ ಕೇಂದ್ರ ಬಂತು. ಅದರ ನಿಘಂಟು 2021ಕ್ಕೆ 10,000 ಪದ ಮುಟ್ಟಿತು. ಕೇಂದ್ರದಲ್ಲಿ ಎರಡು ಡಿಪ್ಲೊಮಾಗಳಿವೆ. ಒಂದು ದುಭಾಷಿಗಳಾಗುವವರಿಗೆ, ಇನ್ನೊಂದು ಸನ್ನೆ ಭಾಷೆಯ ಮೇಷ್ಟ್ರಾಗುವವರಿಗೆ. ಈ ಎರಡನೆಯದಕ್ಕೆ ಸೇರಿಸಿಕೊಳ್ಳುವುದು ಕಿವುಡರನ್ನೇ.